ನೋಟ್ಸಿಗೆ ದನಿ ಕೊಟ್ಟ ಲ್ಯಾಬ್ ಮೇಡಂಗೆ

ಅಧ್ಯಾಪಕರ ತರಬೇತಿ ಶಿಬಿರದಲ್ಲಿ ಊಟದ ಬಿಡುವು ಬಿಟ್ಟು ನಮ್ಮ ಪಕ್ಕ ಕೂತ ಲ್ಯಾಬ್ ಮೇಡಂ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಕಣ್ಣು ಕಾಣದ ವಿದ್ಯಾರ್ಥಿನಿಗೆ ಅರ್ಥಶಾಸ್ತ್ರದ ನೋಟ್ಸ್ ಮರುದಿನವೇ ಬೇಕಿತ್ತು. ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಓದಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಹೆಡ್‌ಫೋನ್ ಹಾಕಿಕೊಂಡು ಎರಡೇ ಸಾಲು ಕೇಳಿದಿರಿ. "ಹಳೇ ಆಸ್ಕಿ ಫಾಂಟ್ ಸರ್. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್."

ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿಗೆ ಬದಲಿಸುವ ಮೊದಲು ಇಂಗ್ಲಿಷ್ ಪದಗಳನ್ನೂ ಸೂತ್ರಗಳನ್ನೂ ಬೇರೆ ಎತ್ತಿಡಿಸಿದಿರಿ. ಇಲ್ಲದಿದ್ದರೆ ಅವೂ ಕನ್ನಡ ಅಕ್ಷರಗಳಾಗಿ ಕಲಸಿಹೋಗುತ್ತವಂತೆ. ಬದಲಾದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಕೆಟ್ಟ ಜಾಗಗಳನ್ನು ಬೆರಳಿಟ್ಟು ತೋರಿಸಿದಿರಿ. ಬರೀ ದಪ್ಪಕ್ಷರದಲ್ಲಿದ್ದ ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟಿರಿ, ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ (ಕೀಲಿಗಳಿಂದ ಪುಟದಲ್ಲಿ ಓಡಾಡುವ ವಿಧಾನ) ಎಚ್ ಕೀ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಲೆಂದು.

ಬೇಡಿಕೆ ರೇಖೆಯ ಚಿತ್ರದ ಹತ್ತಿರ ಮಾತ್ರ ತುಂಬ ಹೊತ್ತು ನಿಂತಿರಿ. ಆಲ್ಟ್ ಟೆಕ್ಸ್ಟಿನಲ್ಲಿ, ಅಂದರೆ ಚಿತ್ರದ ಬದಲು ಓದಿ ಹೇಳುವ ವಿವರಣೆಯಲ್ಲಿ, ‘ಗ್ರಾಫ್’ ಎಂದರೆ ಸಾಲದು ಎಂದು, ‘ಲಂಬ ಅಕ್ಷ ಬೆಲೆ, ಅಡ್ಡ ಅಕ್ಷ ಪ್ರಮಾಣ, ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ’ ಎಂದು ಬರೆಸಿ, ಕಣ್ಣು ಮುಚ್ಚಿ ಕೇಳಿ ನೋಡಿದಿರಿ. ನಮ್ಮ ಪಾಲಿಗೆ ಇಡೀ ಶಿಬಿರದ ಅತ್ಯುತ್ತಮ ಪಾಠ ಅದೇ.

ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ, ಓಸಿಆರ್ ಮಾಡಿ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸಿ) ತಿದ್ದದೆ ಕೊಡಬೇಡಿ ಎಂದಿರಿ. ವಿಭಾಗದ ನೋಟ್ಸೆಲ್ಲ ಈಗ ಹೀಗೇ ತಯಾರಾಗುತ್ತಿವೆ. ತುಂಬಾ ಧನ್ಯವಾದ, ಮೇಡಂ.