ಕೆಲಂತಾನಿನ ತೊಕ್ ಗುರು: ಗೆಳೆಯನಿಗೊಂದು ಪತ್ರ

ಪ್ರಿಯ ಸದಾಶಿವ,

"ಮಲೇಷ್ಯಾದಲ್ಲಿ ಒಂದು ರಾಜ್ಯ ಪೂರ್ತಿ ಶರಿಯಾ ಪ್ರಕಾರವೇ ನಡೆಯುತ್ತದಂತೆ, ಹೌದಾ?" ಅಂತ ಕೇಳಿದ್ದೆಯಲ್ಲ. ಪೂರ್ತಿ ಅಂದರೂ ಸುಳ್ಳು, ಇಲ್ಲವೇ ಇಲ್ಲ ಅಂದರೂ ಸುಳ್ಳು ಮಾರಾಯ. ಆ ರಾಜ್ಯ ಕೆಲಂತಾನ್. ಅದರ ಕತೆಯನ್ನು ನಿಕ್ ಅಬ್ದುಲ್ ಅಜೀಜ್ ಅವರಿಂದಲೇ ಶುರು ಮಾಡಬೇಕು. ಅಲ್ಲಿನ ಜನರ ಬಾಯಲ್ಲಿ ಅವರು ‘ತೊಕ್ ಗುರು’, ಅಂದರೆ ಹಿರಿಯ ಧರ್ಮಗುರು.

1950ರ ದಶಕದಲ್ಲಿ ನಮ್ಮ ಉತ್ತರ ಪ್ರದೇಶದ ದೇವಬಂದ್ ಮದರಸಾಕ್ಕೆ ಬಂದು ಓದಿದವರು, ಆಮೇಲೆ ಕೈರೋದ ಇಸ್ಲಾಮಿ ವಿಶ್ವವಿದ್ಯಾಲಯ ಅಲ್ ಅಜರ್‌ನಲ್ಲಿ. 1967ರಲ್ಲಿ ಮಲೇಷ್ಯಾದ ಇಸ್ಲಾಮಿ ಪಕ್ಷ ‘ಪಾಸ್’ನಿಂದ ಸಂಸತ್ತಿಗೆ ಗೆದ್ದರು. 1990ರಲ್ಲಿ ಪಾಸ್ ಮತ್ತು ಮಿತ್ರಪಕ್ಷ ಸೇರಿ ವಿಧಾನಸಭೆಯ 39ಕ್ಕೆ 39 ಸೀಟನ್ನೂ ಬಾಚಿಕೊಂಡಾಗ ಮುಖ್ಯಮಂತ್ರಿಯಾದರು, 2013ರ ತನಕ ಅವರೇ. ಸರ್ಕಾರಿ ಬಂಗಲೆಗೆ ಮಾತ್ರ ಕಾಲಿಡಲಿಲ್ಲ. ಪುಲಾವ್ ಮೆಲಕ ಹಳ್ಳಿಯಲ್ಲಿ ಮಸೀದಿ ಪಕ್ಕದ ತಮ್ಮ ಮರದ ಮನೆಯೇ ಸಾಕಾಯಿತು. ಅಲ್ಲಿ ವಾರದ ರಜೆ ಶುಕ್ರವಾರ. ಅವತ್ತು ಬೆಳಿಗ್ಗೆ ರಾಜ್ಯದ ರಾಜಧಾನಿ ಕೋಟಾ ಬಾರು ಪೇಟೆಯಲ್ಲಿ ಅವರ ಪ್ರವಚನ, ಜನ ನಡುರಸ್ತೆಗೇ ಪೇಪರ್ ಹಾಸಿಕೊಂಡು ಕೂತು ಕೇಳುತ್ತಿದ್ದರು. ಮುಖ್ಯಮಂತ್ರಿಯೊಬ್ಬರು ಹೀಗೆ ಬದುಕಿದರೆ ಅವರು ತರುವ ಕಾನೂನನ್ನು ಅನುಮಾನಿಸಲು ಯಾರಿಗೆ ಮನಸ್ಸು ಬರುತ್ತದೆ ಹೇಳು?

1993ರಲ್ಲಿ ರಾಜ್ಯದ ವಿಧಾನಸಭೆಯಲ್ಲಿ ಹುದೂದ್ ಕಾಯ್ದೆ, ಅಂದರೆ ಶರಿಯಾದ ಕಠಿಣ ಶಿಕ್ಷೆಗಳ ಕಾಯ್ದೆ, ಪಾಸಾಯಿತು: ಕಳ್ಳತನಕ್ಕೆ ಕೈ ಕತ್ತರಿಸುವುದು, ವ್ಯಭಿಚಾರಕ್ಕೆ ಕಲ್ಲೇಟು. ದೇಶವಿದೇಶಗಳಲ್ಲಿ ಸುದ್ದಿಯಾದ ಆ ಕಾಯ್ದೆ ಒಂದೇ ಒಂದು ದಿನವೂ ಜಾರಿಗೆ ಬರಲಿಲ್ಲ. ಮಲೇಷ್ಯಾದ ಸಂವಿಧಾನದಲ್ಲಿ ಅಪರಾಧ ಕಾನೂನು ಕೇಂದ್ರದ ಪಾಲು. ರಾಜ್ಯದ ಶರಿಯಾ ಕೋರ್ಟಿಗೆ ಮುಸ್ಲಿಮರ ಮೇಲಷ್ಟೇ ಅಧಿಕಾರ, ಅದೂ ಹೆಚ್ಚೆಂದರೆ 3 ವರ್ಷ ಜೈಲು, 5,000 ರಿಂಗಿಟ್ ದಂಡ, 6 ಛಡಿಯೇಟು. ಈ ಮಿತಿ ದಾಟಬೇಕಾದರೆ ಸಂಸತ್ತು ಒಪ್ಪಬೇಕು, ಪ್ರಧಾನಿ ಮಹಾತಿರ್ ಒಪ್ಪಲಿಲ್ಲ. ನನ್ನ ಕೇಳಿದರೆ ಇದು ಎರಡೂ ಕಡೆಯವರಿಗೆ ಅನುಕೂಲವೇ ಆಯಿತು. ಪಾಸ್ ಪಕ್ಷದವರು "ನಾವು ತಂದೆವು, ಅವರು ತಡೆದರು" ಅಂತ ಪ್ರತಿ ಚುನಾವಣೆಯಲ್ಲೂ ಹೇಳಬಹುದು, ಮಹಾತಿರ್ ಕಡೆಯವರು ಮುಸ್ಲಿಮೇತರರ ಎದುರು ಪಾಸ್ ಗುಮ್ಮನನ್ನು ತೋರಿಸಬಹುದು.

ನಿಜವಾಗಿ ಜನಜೀವನಕ್ಕೆ ತಾಗಿದ್ದು ಕೇಂದ್ರವನ್ನು ಕೇಳದೆ ಮಾಡಬಹುದಾಗಿದ್ದ ಸಣ್ಣ ನಿಯಮಗಳು. ಸೂಪರ್‌ಮಾರ್ಕೆಟ್ಟಿನಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಬಿಲ್ ಕೌಂಟರ್. ನಾನು ಹೋದಾಗ ಬೋರ್ಡೇನೋ ತೂಗುತ್ತಿತ್ತು, ಜನ ಮಾತ್ರ ಚಿಕ್ಕ ಸಾಲು ಎಲ್ಲಿದೆಯೋ ಅಲ್ಲಿ ನಿಂತಿದ್ದರು. 2012ರಲ್ಲಿ ಮುಸ್ಲಿಮೇತರರ ಸಲೂನಿಗೂ ದಂಡ ಬಿತ್ತು, ಹೆಂಗಸರು ಗಂಡಸರ ಕೂದಲು ಕತ್ತರಿಸಿದರು ಅಂತ. ಗಲಾಟೆಯಾದ ಮೇಲೆ ಅವರ ಮಟ್ಟಿಗೆ ಸಡಿಲಿಸಿದರು. ಒಳ್ಳೆಯದನ್ನೂ ಹೇಳಬೇಕಲ್ಲ: 1992ರಲ್ಲಿ ಬಡ್ಡಿಯಿಲ್ಲದ ಗಿರವಿ ಅಂಗಡಿ ‘ಅರ್ ರಹ್ನು’ ಶುರುವಾಯಿತು. ಬಳೆಯೋ ಸರವೋ ಅಡವಿಟ್ಟು, ಜೋಪಾನ ಮಾಡಿದ್ದಕ್ಕಷ್ಟೇ ಶುಲ್ಕ ಕಟ್ಟಿ ಬಿಡಿಸಿಕೊಳ್ಳುವುದು. ಕೋಟಾ ಬಾರುವಿನ ಸಿತಿ ಖದೀಜಾ ಮಾರ್ಕೆಟ್ಟಿನಲ್ಲಿ ಹೆಚ್ಚಿನ ಅಂಗಡಿಗಳಲ್ಲಿ ಕೂತಿರುವುದು ಹೆಂಗಸರೇ, ಕೈತುಂಬ ಚಿನ್ನದ ಬಳೆ. ಅಂಥವರಿಗೆ ಇದು ದಿನಬಳಕೆಯ ಬ್ಯಾಂಕು.

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ನಮ್ಮ ತೊಗಲುಗೊಂಬೆಯವರ ಹಾಗೆ ಅಲ್ಲಿನ ‘ವಾಯಾಂಗ್ ಕುಲಿತ್’ ಕಲಾವಿದರೂ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಆಡಿಸುತ್ತಾರೆ. ತೊಕ್ ಗುರು ಕಾಲದಲ್ಲಿ ಇದಕ್ಕೂ, ಹೆಂಗಸರೇ ರಾಜನ ಪಾತ್ರ ಮಾಡುವ ‘ಮಕ್ ಯೋಂಗ್’ ಆಟಕ್ಕೂ ನಿಷೇಧ ಬಿತ್ತು. 2005ರಲ್ಲಿ ಯುನೆಸ್ಕೋ ಮಕ್ ಯೋಂಗನ್ನು ಮೆಚ್ಚಿ ಮನ್ನಣೆ ಕೊಟ್ಟಾಗಲೂ ಹುಟ್ಟೂರಲ್ಲಿ ಬಹಿರಂಗ ಪ್ರದರ್ಶನವಿಲ್ಲ! 2019ರಲ್ಲಿ ಷರತ್ತು ಹಾಕಿ ನಿಷೇಧ ತೆಗೆದರು. ಅಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು. ಕೈ ಶುದ್ಧವಿರುವ ಆಡಳಿತಗಾರನಿಗೆ ಜನ ಇಂಥದ್ದನ್ನೆಲ್ಲ ಮಾಫಿ ಮಾಡಿಬಿಡುತ್ತಾರೆ, ನನಗೆ ಅದೇ ಕಿರಿಕಿರಿ.

ಅವರು ತೀರಿಕೊಂಡದ್ದು 2015ರ ಫೆಬ್ರವರಿಯಲ್ಲಿ. ಮರುತಿಂಗಳೇ ವಿಧಾನಸಭೆ ಹುದೂದ್ ಕಾಯ್ದೆಯನ್ನು ತಿದ್ದಿ ಮತ್ತೆ ಪಾಸು ಮಾಡಿತು, ಆಗ ಕೇಂದ್ರದಲ್ಲಿ ಆಳುತ್ತಿದ್ದ ಎದುರಾಳಿ ಪಕ್ಷ ಉಮ್ನೋದವರೂ ಪರವಾಗಿ ಮತ ಹಾಕಿದರು. ಅದೂ ಹಾಗೇ ಬಿದ್ದಿದೆ. 2019ರ ಇನ್ನೊಂದು ಶರಿಯಾ ಅಪರಾಧ ಕಾಯ್ದೆಯ ವಿರುದ್ಧ ವಕೀಲೆಯೊಬ್ಬರು ಮಗಳ ಜೊತೆ ಕೋರ್ಟಿಗೆ ಹೋದರು. 2024ರ ಫೆಬ್ರವರಿ 9ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟ್, ಪ್ರಶ್ನಿಸಿದ್ದ 18 ಕಲಮುಗಳಲ್ಲಿ 16ನ್ನು ರದ್ದು ಮಾಡಿತು. ಕಾರಣ ಅದೇ ಹಳೆಯದು: ಇವು ಕೇಂದ್ರದ ಪಟ್ಟಿಯಲ್ಲಿರುವ ವಿಷಯ.

ತೊಕ್ ಗುರು ಮನೆಯವರ ಬಗ್ಗೆಯೂ ನೀನು ಕೇಳಿದ್ದೆಯಲ್ಲ. 2018ರ ಚುನಾವಣೆಯಲ್ಲಿ ಒಬ್ಬ ಮಗ ನಿಕ್ ಅಬ್ದುಹ್ ಪಾಸ್‌ನಿಂದ ನಿಂತು ಸಂಸತ್ತಿಗೆ ಗೆದ್ದ. ಹಿರಿಯ ಮಗ ನಿಕ್ ಒಮರ್ ಎದುರು ಪಾಳಯ ಸೇರಿ, ಅಪ್ಪ ಗೆದ್ದು ಬರುತ್ತಿದ್ದ ಚೆಂಪಾಕ ಕ್ಷೇತ್ರದಲ್ಲೇ ಪಾಸ್ ವಿರುದ್ಧ ನಿಂತು ಸೋತ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ,
ವಾಸು