ದೂರು: ಕ್ಯಾಲ್ಗರಿ ಇನ್ಫರ್ನೋ ತಂಡದ ಕುರಿತ ಆಡಿಯೊ ಕಂತಿನಲ್ಲಿರುವ ತಪ್ಪುಗಳ ಬಗ್ಗೆ

ಇವರಿಗೆ,
ಸಂಪಾದಕರು ಹಾಗೂ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಕನ್ನಡ ಆಡಿಯೊ ಆ್ಯಪ್ ಸಂಸ್ಥೆ, ಬೆಂಗಳೂರು

ವಿಷಯ: ತಪ್ಪು ತಿದ್ದಿ ಕಂತನ್ನು ಮರುಪ್ರಸಾರ ಮಾಡುವುದು, ಇಲ್ಲವೇ ಚಂದಾ ಹಣ ವಾಪಸ್ ಕೊಡುವುದು

ಮಾನ್ಯರೇ,

ನಾನು ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿರುವ ನಿಮ್ಮ ವಾರ್ಷಿಕ ಚಂದಾದಾರಳು. ಇಲ್ಲೇ ಬೆಳೆಯುತ್ತಿರುವ ಮಗಳ ಕಿವಿಗೆ ಒಳ್ಳೆಯ ಕನ್ನಡ ಬೀಳಲಿ ಎಂದು ದುಡ್ಡು ಕಟ್ಟಿದ್ದೇನೆ. ನಿಮ್ಮ ಕ್ರೀಡಾ ಸರಣಿಯಲ್ಲಿ ನಮ್ಮೂರಿನ ಮಹಿಳಾ ಐಸ್ ಹಾಕಿ ತಂಡ ಇನ್ಫರ್ನೋ ಬಗ್ಗೆ ಕಂತು ಬಂದಿದೆ ಎಂದು ತಿಳಿದು ಇಬ್ಬರೂ ಆಸೆಯಿಂದ ಕೇಳಲು ಕೂತೆವು. ಮಗಳು ಅರ್ಧಕ್ಕೇ ಎದ್ದು, "ಅಮ್ಮಾ, ಇವರು ಸುಳ್ಳು ಹೇಳ್ತಿದಾರೆ" ಅಂದಳು. ಅವಳ ಮಾತು ಸರಿಯಾಗಿತ್ತು.

"ಗೆಲ್ಲಲಾಗದೆ, ನೋಡುವವರಿಲ್ಲದೆ ತಂಡ ಮುಚ್ಚಿಹೋಯಿತು" ಎನ್ನುತ್ತಾರೆ ನಿಮ್ಮ ನಿರೂಪಕರು. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಈ ಮಾತಿನಿಂದ. 2019ರ ಮಾರ್ಚ್ 24ರಂದು ಟೊರೊಂಟೊದಲ್ಲಿ ನಡೆದ, ಲೀಗ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕ್ಲಾರ್ಕ್‌ಸನ್ ಕಪ್ ಫೈನಲ್‌ನಲ್ಲಿ ಇನ್ಫರ್ನೋ ಮಾಂಟ್ರಿಯಲ್ ತಂಡವನ್ನು 5-2ರಿಂದ ಸೋಲಿಸಿತು. ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 31ರಂದು, ತಂಡ ಆಡುತ್ತಿದ್ದ ಕೆನಡಿಯನ್ ವಿಮೆನ್ಸ್ ಹಾಕಿ ಲೀಗ್ ಮೇ 1ರಿಂದ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. ಕಪ್ ಗೆದ್ದವರು, ಸೋತವರು ಎಲ್ಲರೂ ಒಂದೇ ದಿನ ತಂಡವಿಲ್ಲದವರಾದರು. ಆಟ ಅತ್ಯುತ್ತಮವಾಗಿದೆ, ಆದರೆ ಲೀಗ್‌ನ ಹಣಕಾಸಿನ ವ್ಯವಸ್ಥೆ ಬಾಳುವಂಥದ್ದಲ್ಲ ಎಂದು ಲೀಗ್‌ನವರೇ ಹೇಳಿದ್ದರು. ಚಾಂಪಿಯನ್ ಆಗಿದ್ದಾಗಲೇ ಇಲ್ಲವಾದ ತಂಡಕ್ಕೆ ನೀವು ಸೋಲಿನ ಹಣೆಪಟ್ಟಿ ಕಟ್ಟಿದ್ದೀರಿ.

ಆ ಆಟಗಾರ್ತಿಯರಿಗೆ ಸಿಗುತ್ತಿದ್ದದ್ದಾದರೂ ಎಷ್ಟು? ಲೀಗ್ ಶುರುವಾದದ್ದು 2007ರಲ್ಲಿ. ಮೊದಲ ಹತ್ತು ಋತು ಅವರಿಗೆ ಸಂಬಳವೇ ಇರಲಿಲ್ಲ. 2017-18ರಿಂದ ಇಡೀ ಋತುವಿಗೆ 2,000ದಿಂದ 10,000 ಡಾಲರ್ ಕೊಡತೊಡಗಿದರು. ಈ ಊರಲ್ಲಿ ಅದರಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಪಂದ್ಯ ಮುಗಿದ ಮೇಲೆ ರಿಂಕ್‌ನ ಹೊರಗೆ ಮೇಜು ಹಾಕಿಕೊಂಡು, ಒದ್ದೆ ತಲೆಗೂದಲಲ್ಲೇ ಮಕ್ಕಳಿಗೆ ಹಸ್ತಾಕ್ಷರ ಹಾಕಿಕೊಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಸಾಲಿನಲ್ಲಿದ್ದ ಕೊನೆಯ ಮಗುವಿನ ಪಕ್‌ಗೂ (ಆಟದ ರಬ್ಬರ್ ಬಿಲ್ಲೆಗೂ) ಸಹಿ ಬೀಳುವವರೆಗೆ ಯಾರೂ ಏಳುತ್ತಿರಲಿಲ್ಲ. ಅಂಥವರ ಬಗ್ಗೆ ಹಗುರವಾಗಿ ಮಾತಾಡಬಾರದು.

ತಂಡದ ಹುಟ್ಟನ್ನೂ ತಪ್ಪಾಗಿ ಹೇಳಿದ್ದೀರಿ. ಅದು ತೊಂಬತ್ತರ ದಶಕದ ತಂಡವಲ್ಲ. 2011ರಲ್ಲಿ ಟೀಮ್ ಆಲ್ಬರ್ಟಾ ಎಂದು ಲೀಗ್ ಸೇರಿ, 2013ರಲ್ಲಿ ಇನ್ಫರ್ನೋ ಎಂದು ಹೆಸರಿಟ್ಟುಕೊಂಡಿತು. ನೀವು ಹೇಳುತ್ತಿರುವುದು ಓವಲ್ ಎಕ್ಸ್‌ಟ್ರೀಮ್ ಎಂಬ ಬೇರೆಯದೇ ತಂಡದ ಕಥೆ. ಅದೂ ಕ್ಯಾಲ್ಗರಿಯದೇ, ಅದೂ ಈಗ ಇಲ್ಲ, 2009ರಲ್ಲೇ ಮುಗಿಯಿತು. ಕೆನಡಾದ ಹೆಸರಾಂತ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಎರಡರಲ್ಲೂ ಆಡಿದ್ದರಿಂದ ಗೊಂದಲವಾಗಿರಬಹುದು, ಆದರೆ ಒಮ್ಮೆ ಪರಿಶೀಲಿಸಿದ್ದರೆ ಸಾಕಿತ್ತು.

2016ರ ಮೊದಲ ಕಪ್ ಬಗ್ಗೆ ನಿಮ್ಮ ಕಂತಿನಲ್ಲಿ ಒಂದು ಮಾತೂ ಇಲ್ಲ. ಒಟ್ಟಾವದಲ್ಲಿ, ಪುರುಷರ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಅರೀನಾದಲ್ಲಿ ಇದೇ ಮಾಂಟ್ರಿಯಲ್ ತಂಡವನ್ನು 8-3ರಿಂದ ಮಣಿಸಿದ ಪಂದ್ಯವದು! ಆ ಇನ್ಫರ್ನೋದಲ್ಲಿ ಆಡಿದ ಜೆಸಿಕಾ ಕ್ಯಾಂಪ್‌ಬೆಲ್ 2024ರಲ್ಲಿ ಎನ್‌ಎಚ್‌ಎಲ್‌ನ ಮೊದಲ ಪೂರ್ಣಾವಧಿ ಮಹಿಳಾ ಸಹಾಯಕ ಕೋಚ್ ಆದರು. ಅದೇ ತಂಡದ ಬ್ರಿಜೆಟ್ ಲಕೆಟ್ 2018ರಲ್ಲಿ ಕೆನಡಾದ ಒಲಿಂಪಿಕ್ ಮಹಿಳಾ ಹಾಕಿ ತಂಡ ಸೇರಿದ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯದ ಮೊದಲ ಮಹಿಳೆ. ಮಕ್ಕಳಿಗೆ ಹೇಳಬೇಕಾದ ಕಥೆಗಳು ಇವು.

"ಕೆನಡಾದಲ್ಲಿ ಮಹಿಳೆಯರ ಹಾಕಿ ಲೀಗ್ ಶುರುವಾದದ್ದೇ 2024ರಲ್ಲಿ" ಎಂಬ ಮಾತನ್ನೂ ತೆಗೆಯಿರಿ. ಹಳೆಯ ಲೀಗ್ ನಿಂತ ಮೇಲೆ, 2019ರ ಮೇನಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು ಸರಿಯಾದ ಲೀಗ್ ಬರುವ ತನಕ ಉತ್ತರ ಅಮೆರಿಕದ ಯಾವ ಲೀಗ್‌ನಲ್ಲೂ ಆಡುವುದಿಲ್ಲ ಎಂದು ಪಟ್ಟು ಹಿಡಿದರು. 2024ರಲ್ಲಿ ಹೊಸ ಲೀಗ್ ಬಂದದ್ದರ ಹಿಂದೆ ಆ ಪಟ್ಟು ಇದೆ. ಅದರ ಮೊದಲ ಆರು ತಂಡಗಳಲ್ಲಿ ಕ್ಯಾಲ್ಗರಿ ಇರಲಿಲ್ಲ ಎಂಬುದು ನಮ್ಮೂರವರಿಗೆ ಇಂದಿಗೂ ನೋವಿನ ವಿಷಯ.

ಇನ್ನು ಕಂತಿನ ಚಿತ್ರ. ಹಸಿರು ಟರ್ಫ್, ಬಿಳಿ ಚೆಂಡು, ತುದಿ ಬಾಗಿದ ಪುಟ್ಟ ಸ್ಟಿಕ್. ಕೊಡಗಿನ ಹಾಕಿ ಹಬ್ಬ ನೋಡಿದ ಯಾರೇ ಆದರೂ ಇದು ಬೇರೆ ಆಟ ಎಂದು ಹೇಳಿಬಿಡುತ್ತಾರೆ. ಐಸ್ ಹಾಕಿಯಲ್ಲಿ ಚೆಂಡೇ ಇರುವುದಿಲ್ಲ, ಮೂರು ಇಂಚು ಅಗಲದ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ ಇರುತ್ತದೆ.

ಇದನ್ನೆಲ್ಲ ಈ ಮೊದಲೇ ನಿಮ್ಮ ಗ್ರಾಹಕ ಸೇವೆಗೆ ಬರೆದಿದ್ದೆ. "ಕಂತು ಹೊರಗಿನವರು ಸಿದ್ಧಪಡಿಸಿದ್ದು, ಬದಲಾಯಿಸಲಾಗದು, ಚಂದಾ ವಾಪಸ್ ಇಲ್ಲ" ಎಂಬ ಉತ್ತರ ಬಂತು. ಬರೆದವರು ಯಾರೇ ಇರಲಿ, ನಿಮ್ಮ ಹೆಸರಿನಲ್ಲಿ ಪ್ರಸಾರವಾದ ಮೇಲೆ ಜವಾಬ್ದಾರಿ ನಿಮ್ಮದೇ.

ಆದ್ದರಿಂದ ತಿದ್ದುವ ತನಕ ಈ ಕಂತನ್ನು ಆ್ಯಪ್‌ನಿಂದ ತೆಗೆಯಿರಿ. ಮೇಲಿನ ತಪ್ಪುಗಳನ್ನು ಸರಿಪಡಿಸಿ ಮರುಪ್ರಸಾರ ಮಾಡಿ, ಈಗಾಗಲೇ ಕೇಳಿದವರಿಗೂ ತಿದ್ದುಪಡಿಯ ಸೂಚನೆ ಕಳಿಸಿ. ಇದು ಆಗದಿದ್ದರೆ ನನ್ನ ಈ ವರ್ಷದ ಚಂದಾ ಹಣವನ್ನು ಪೂರ್ತಿ ಹಿಂದಿರುಗಿಸಿ. ಹದಿನೈದು ದಿನದೊಳಗೆ, ಹೆಸರಿರುವ ಒಬ್ಬ ಸಂಪಾದಕರಿಂದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಚಂದಾದಾರಳು
ಕ್ಯಾಲ್ಗರಿ, ಆಲ್ಬರ್ಟಾ