ಎರಡು ದಿನಕ್ಕೆ ಒಂದು ದಾರಿ ಸಾಕು

ಮಾನ್ಯ ಸಂಪಾದಕರೇ,

ಮಳೆಗಾಲದ ಮಲೆನಾಡನ್ನು ಶನಿವಾರ, ಭಾನುವಾರಗಳೆರಡರಲ್ಲೇ ನೋಡಿ ಮುಗಿಸುವುದು ಹೇಗೆಂದು ತಿಳಿಸುವ ಲೇಖನವೊಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾಗಿತ್ತು. ಸಕ್ರೆಬೈಲು, ಮಂಡಗದ್ದೆ, ಕುಂದಾದ್ರಿ, ಆಗುಂಬೆ, ಕೊಡಚಾದ್ರಿ, ಸಿಗಂದೂರು, ಜೋಗ ಎಂಬ ಏಳು ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದ ಆ ಲೇಖನದಲ್ಲಿ ಜಾಗಗಳ ವರ್ಣನೆ ಚೆನ್ನಾಗಿಯೇ ಇತ್ತು. ತಪ್ಪಿದ್ದು ಹೊತ್ತಿನ ಲೆಕ್ಕ. ತೀರ್ಥಹಳ್ಳಿ-ಆಗುಂಬೆ ರಸ್ತೆಯ ಬದಿಯಲ್ಲಿ ಮನೆ ಮಾಡಿಕೊಂಡು ಅಡಿಕೆ ಬೆಳೆಯುವ ನನಗೆ ಆ ಲೆಕ್ಕ ತಪ್ಪಿದ್ದು ಗೊತ್ತಾದದ್ದು ಓದಿದಾಗಲ್ಲ, ಅದನ್ನು ನಂಬಿ ಹೊರಟವರು ನಮ್ಮ ಅಂಗಳಕ್ಕೆ ಬಂದಾಗ.

ಕಳೆದ ಶನಿವಾರ ಸಂಜೆ ಆರೂವರೆಯ ಸುಮಾರಿಗೆ ಪುನರ್ವಸು ಮಳೆ ಹಂಚಿನ ಮೇಲೆ ಒಂದೇ ಸಮನೆ ಹೊಡೆಯುತ್ತಿತ್ತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ನಾಲ್ಕು ದಿನದಿಂದ ಹೊಳವು (ಮಳೆಯ ಬಿಡುವು) ಕಾಯುತ್ತ ಜಗಲಿಯಲ್ಲಿ ಕುಳಿತಿದ್ದ ನನ್ನ ಮುಂದೆ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ತಾಯಿ. ಇಳಿದು ಬಂದ ಯಜಮಾನರು ಕೇಳಿದ ಮೊದಲ ಪ್ರಶ್ನೆ, ‘ಸೂರ್ಯಾಸ್ತ ನೋಡುವ ಜಾಗಕ್ಕೆ ಇನ್ನೂ ಎಷ್ಟು ದೂರ ಇದೆ ಸಾರ್?’ ಎಂಬುದು. ನಾವು ಸೂರ್ಯನನ್ನು ನೋಡಿಯೇ ಹತ್ತು ಹನ್ನೆರಡು ದಿನವಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟಿದ್ದರೂ ತಿಂಡಿ, ಕಾಫಿ ಎಂದು ಅಲ್ಲಲ್ಲಿ ನಿಂತು ಅವರು ಸಕ್ರೆಬೈಲಿಗೆ ಬರುವಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಆನೆಗಳ ಸ್ನಾನ, ಮೇವು ಎಲ್ಲವೂ ಬೆಳಗಿನ ಹೊತ್ತಿನಲ್ಲೇ ಮುಗಿಯುವುದರಿಂದ ಬಾಗಿಲಿನಿಂದಲೇ ಹಿಂತಿರುಗಿದ್ದರು. ಕುಂದಾದ್ರಿಯ ನೆತ್ತಿಯಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ ಪಾರ್ಶ್ವನಾಥ ಬಸದಿಯ ಮೆಟ್ಟಿಲು ಬಿಟ್ಟರೆ ಬೇರೇನೂ ಕಾಣಲಿಲ್ಲವಂತೆ. ಆ ರಾತ್ರಿಗೆ ಅವರು ಕೋಣೆ ಕಾದಿರಿಸಿದ್ದುದು ಜೋಗದ ಹತ್ತಿರ! ನಮ್ಮ ಮನೆಯಿಂದ ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮಲೆನಾಡಿನ ತಿರುವು ರಸ್ತೆ, ಅದೂ ಕತ್ತಲಲ್ಲಿ, ಮಳೆಯಲ್ಲಿ.

ಇಷ್ಟು ಮಾತಾಡುವಷ್ಟರಲ್ಲಿ ಚಿಕ್ಕ ಹುಡುಗಿಯ ಬಿಳಿ ಕಾಲುಚೀಲ ಕೆಂಪಾಗಿದ್ದುದು ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ಕಾಲುಚೀಲ ತೆಗೆಸಿದರೆ ಹಿಮ್ಮಡಿಯ ಮೇಲೆ ಉಂಬಳ (ಕಾಡಿನ ಜಿಗಣೆ), ಹೊಟ್ಟೆ ತುಂಬಿ ದ್ರಾಕ್ಷಿಯಂತೆ ಉಬ್ಬಿತ್ತು. ಹರಿವಾಣದಲ್ಲಿದ್ದ ಎಲೆಯಡಿಕೆಯ ಸುಣ್ಣವನ್ನು ಬೆರಳಿನಿಂದ ಒಂದಿಷ್ಟು ತಾಗಿಸಿದೊಡನೆ ಅದು ಉದುರಿತು. ರಕ್ತ ಮಾತ್ರ ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಹೀಗಾಗುತ್ತದೆ, ಅಪಾಯವೇನಿಲ್ಲ ಎಂದು ಹೇಳಿದರೂ ಆ ಹುಡುಗಿಯ ತಾಯಿಯ ಮುಖದಲ್ಲಿ ಬಣ್ಣ ಮರಳಲಿಲ್ಲ. ಕಷಾಯ ಕುಡಿಸಿ, ತೀರ್ಥಹಳ್ಳಿಯ ವಸತಿಗೃಹವೊಂದಕ್ಕೆ ಫೋನ್ ಮಾಡಿಸಿ (ನಮ್ಮಲ್ಲಿ ಸಿಗ್ನಲ್ ಸಿಗುವುದು ಹಿತ್ತಲ ಹಲಸಿನ ಮರದ ಬುಡದಲ್ಲಿ ಮಾತ್ರ) ಅವರನ್ನು ಕಳುಹಿಸಿಕೊಟ್ಟೆವು. ಕಾರಿನ ಬಾಗಿಲ ಸಂದಿಯಲ್ಲಿ ತಮ್ಮ ಪುರವಣಿಯ ಪುಟ ಮಡಚಿಟ್ಟಿತ್ತು.

ಶಿವಮೊಗ್ಗದಿಂದ ಮಲೆನಾಡಿಗೆ ಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ತುಂಗೆಯ ಜೊತೆಗೇ ಸಾಗುವ ತೀರ್ಥಹಳ್ಳಿಯ ದಾರಿ. ಇನ್ನೊಂದು ಶರಾವತಿಯ ಕಡೆಗೆ ಹೋಗುವ ಸಾಗರದ ದಾರಿ. ವಾರಾಂತ್ಯಕ್ಕೆ ಬರುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಮುಂದಿನ ಸಲಕ್ಕೆ ಬಿಡಬೇಕೆಂಬುದಷ್ಟೇ ನನ್ನ ಮಾತು. ಆಗುಂಬೆಯೂ ಜೋಗವೂ ಶಿವಮೊಗ್ಗದಿಂದ ಹೆಚ್ಚು ಕಡಿಮೆ ನೂರು ನೂರು ಕಿಲೋಮೀಟರ್ ದೂರದಲ್ಲಿ, ಬೇರೆ ಬೇರೆ ದಿಕ್ಕಿನಲ್ಲಿವೆ. ನಕಾಶೆಯಲ್ಲಿ ಹತ್ತಿರವೆಂದು ಕಾಣುವುದು ಘಟ್ಟದ ಸೀಮೆಯಲ್ಲಿ ಹತ್ತಿರವಲ್ಲ.

ತೀರ್ಥಹಳ್ಳಿಯ ದಾರಿ ಹಿಡಿದವರು ಶುಕ್ರವಾರ ರಾತ್ರಿಯೇ ಶಿವಮೊಗ್ಗಕ್ಕೆ ಬಂದು ತಂಗಿದರೆ ಶನಿವಾರ ಬೆಳಿಗ್ಗೆ ಹದಿನಾಲ್ಕು ಕಿಲೋಮೀಟರ್ ದೂರದ ಸಕ್ರೆಬೈಲಿನ ಆನೆ ಬಿಡಾರವನ್ನು ಹೊತ್ತಿಗೆ ಸರಿಯಾಗಿ ನೋಡಬಹುದು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲೇ ಆದ್ದರಿಂದ ಅಲ್ಲಿ ಒಂದು ಗಂಟೆ ನಿಲ್ಲುವುದು ವ್ಯರ್ಥವಲ್ಲ. ಮಧ್ಯಾಹ್ನದ ಮೇಲೆ ಕುಪ್ಪಳಿಯ ಕವಿಮನೆಯನ್ನೂ ಕವಿಶೈಲವನ್ನೂ ನೋಡಿ ತೀರ್ಥಹಳ್ಳಿಯ ಆಸುಪಾಸಿನಲ್ಲಿ ಮಲಗಿದರೆ ಭಾನುವಾರ ಬೆಳಿಗ್ಗೆ ಗುಡ್ಡೇಕೇರಿಯಲ್ಲಿ ತಿರುಗಿ ಕುಂದಾದ್ರಿಗೋ, ಇಲ್ಲವೇ ಕೆಳದಿ ಅರಸರ ಕವಲೇದುರ್ಗಕ್ಕೋ ಹೋಗಬಹುದು. ಎರಡಕ್ಕೂ ಅಲ್ಲ. ಕವಲೇದುರ್ಗದ ಕಲ್ಲುಹಾಸು ಈ ದಿನಗಳಲ್ಲಿ ಪಾಚಿಗಟ್ಟಿ ಜಾರುತ್ತದೆ. ಕೋಟೆಗೆ ಹೋಗುವ ಹಾದಿ ಗದ್ದೆಗಳ ನಡುವೆ ಸಾಗುವುದರಿಂದ ನಾಟಿಯ ಈ ಸಮಯದಲ್ಲಿ ಗದ್ದೆಯ ಅಂಚನ್ನು ತುಳಿಯದಂತೆ ನಡೆಯುವ, ಟಿಲ್ಲರ್ ಬರುವ ಜಾಗದಲ್ಲಿ ಕಾರು ನಿಲ್ಲಿಸದಿರುವ ಸೌಜನ್ಯವನ್ನು ಬಂದವರು ತೋರಿಸಬೇಕು.

ಸಾಗರದ ದಾರಿಯವರಿಗೆ ರೈಲಿನ ಅನುಕೂಲವಿದೆ. ಬೆಂಗಳೂರಿನಿಂದ ರಾತ್ರಿ ಹೊರಡುವ ರೈಲು ತಾಳಗುಪ್ಪದವರೆಗೂ ಬರುತ್ತದೆ. ಅಲ್ಲಿಂದ ಜೋಗ ಸುಮಾರು ಹದಿನೈದು ಕಿಲೋಮೀಟರ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ 253 ಮೀಟರ್ ಎತ್ತರದ ಆ ಜಲಪಾತದ ಅಬ್ಬರವು ಮಳೆಯನ್ನೂ ಅಣೆಕಟ್ಟಿನ ಬಾಗಿಲನ್ನೂ ಅವಲಂಬಿಸಿದೆಯಾದ್ದರಿಂದ ಏಪ್ರಿಲ್‌ನಲ್ಲಿ ಬಂದು ನಿರಾಶರಾಗುವವರು ಅದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದುಕೊಂಡಿರುವುದರಿಂದ ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಗಂಟೆಗಟ್ಟಲೆ ಕಾಯುವುದು ತಪ್ಪಿದೆ. ಆದರೆ 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಅದೇ ದಿನಕ್ಕೆ ಅಂಟಿಸಬಾರದು. ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದ ಆ ಬೆಟ್ಟಕ್ಕೆ ಜೀಪಿನಲ್ಲಿ ಕುಲುಕಿಸಿಕೊಂಡು ಹತ್ತಿ, ಸರ್ವಜ್ಞ ಪೀಠದವರೆಗೆ ನಡೆದು, ಇಳಿದು ಬರಲು ಒಂದು ಹಗಲೇ ಬೇಕು. ಮಳೆ ಜೋರಾದರೆ ಪ್ರವೇಶವನ್ನು ನಿಲ್ಲಿಸುವುದೂ ಉಂಟು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಮಂದಿ ಒಮ್ಮೆಲೇ ನೆರೆದ ಮೇಲೆ ಅರಣ್ಯ ಇಲಾಖೆಯು ಚಾರಣಗಳಿಗೆ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆಯನ್ನೂ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯನ್ನೂ ತಂದಿದೆಯಾದ್ದರಿಂದ ಯಾವ ಬೆಟ್ಟಕ್ಕೇ ಆಗಲಿ, ಅನುಮತಿಯ ವಿಚಾರವನ್ನು ಮನೆಯಲ್ಲಿದ್ದಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಇನ್ನು ಆಗುಂಬೆ. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಹೆಚ್ಚು ಕಡಿಮೆ 1,000 ಮಿಲಿಮೀಟರ್. ಇಲ್ಲಿಗೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಳೆ ನೋಡಬೇಕೆನ್ನುವವರು ಈಗ ಬರಲಿ, ಕೊಡೆಗಿಂತ ರೇನ್‌ಕೋಟು ತರಲಿ. ಸೂರ್ಯಾಸ್ತ ಬೇಕೆನ್ನುವವರು ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಬರಲಿ. ಹದಿನಾಲ್ಕು ತಿರುವುಗಳ ಘಾಟಿಯಲ್ಲಿ ಮಳೆಗಾಲದ ಮಟ್ಟಿಗೆ ಭಾರಿ ವಾಹನಗಳನ್ನು ನಿರ್ಬಂಧಿಸುವುದು ವಾಡಿಕೆಯಾಗಿರುವುದರಿಂದ ದೊಡ್ಡ ಬಸ್ಸು ಗೊತ್ತುಮಾಡಿಕೊಂಡು ಉಡುಪಿಯ ಕಡೆಗೆ ಇಳಿಯುವ ಗುಂಪುಗಳು ಆಯಾ ವಾರದ ಆದೇಶವನ್ನು ವಿಚಾರಿಸದೆ ಹೊರಡಬಾರದು.

ಮಳೆ ಬೇಡವೆಂದು ಪ್ರವಾಸವನ್ನು ಫೆಬ್ರವರಿ, ಮಾರ್ಚ್‌ಗೆ ಮುಂದೂಡುವವರಿಗೆ ತಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲದ ವಿಷಯವೆಂದರೆ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಆ ಕಾಡಿನ ಹೆಸರಿನಿಂದಲೇ ಜಗತ್ತಿಗೆ ಪರಿಚಿತವಾದ ಈ ಜ್ವರ ಹರಡುವುದು ಉಣುಗುಗಳಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುಗಳಿಂದ. ಡಿಸೆಂಬರ್‌ನಿಂದ ಮೇವರೆಗಿನ ಒಣ ದಿನಗಳಲ್ಲಿ ಅದರ ಕಾಟ ಹೆಚ್ಚು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದಕ್ಕೆ ಬಲಿಯಾದುದನ್ನು ನಾವು ಮರೆತಿಲ್ಲ. ಕಳೆದ ಮಾರ್ಚ್‌ನಲ್ಲಿ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ದರಗಿನ (ಒಣಗಿದ ಎಲೆಗಳ) ಮೇಲೆ ಅರ್ಧ ಚಡ್ಡಿಯಲ್ಲಿ ಮಲಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಹುಡುಗರನ್ನು ಎಬ್ಬಿಸಿ ಕಳುಹಿಸಿದಾಗ ಅವರು ನನ್ನನ್ನು ಸಿಡುಕು ಮುದುಕನೆಂದೇ ಎಣಿಸಿರಬೇಕು. ಮೈತುಂಬ ಬಟ್ಟೆ ತೊಡುವುದು, ಕೈಕಾಲಿಗೆ ಆರೋಗ್ಯ ಇಲಾಖೆ ಹೇಳುವ ಎಣ್ಣೆ ಹಚ್ಚಿಕೊಳ್ಳುವುದು, ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡುವುದು, ಮಂಗ ಸತ್ತು ಬಿದ್ದ ಸುದ್ದಿಯಿರುವ ಕಾಡಿಗೆ ಕಾಲಿಡದಿರುವುದು, ಊರಿಗೆ ಮರಳಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದೆನೆಂದು ತಪ್ಪದೆ ಹೇಳುವುದು, ಇಷ್ಟನ್ನು ಅಚ್ಚು ಮಾಡಲು ಹೆಚ್ಚು ಜಾಗವೇನೂ ಬೇಕಿಲ್ಲ.

ಪ್ರವಾಸದ ಬರಹಗಳನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮೂರಿನ ಹೋಟೆಲು, ಜೀಪು, ಹೋಂಸ್ಟೇಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಬರುವ ಜನರಿಂದಲೇ. ಪ್ರತಿಯೊಂದು ಜಾಗದ ಹೆಸರಿನ ಪಕ್ಕದಲ್ಲಿ ಅದು ತೆರೆದಿರುವ ಹೊತ್ತು, ಹಿಂದಿನ ಜಾಗದಿಂದ ತಲುಪಲು ಮಳೆಯಲ್ಲಿ ಬೇಕಾಗುವ ಸಮಯ, ಅನುಮತಿ ಬೇಕೋ ಬೇಡವೋ ಎಂಬ ಮೂರು ವಿವರಗಳನ್ನು ಮುದ್ರಿಸಿದರೆ ಓದುಗರು ಏಳನ್ನು ಎರಡಕ್ಕೆ ತಾವೇ ಇಳಿಸಿಕೊಳ್ಳುತ್ತಾರೆ. ಸ್ವಾತಂತ್ರ್ಯೋತ್ಸವದ ರಜೆಗೆಂದು ಹೊರಡುವವರು ಈಗಾಗಲೇ ಕೋಣೆ ಕಾದಿರಿಸುತ್ತಿದ್ದಾರೆ, ಅಷ್ಟರಲ್ಲಿ ಆಶ್ಲೇಷ ಮಳೆ ಹಿಡಿದಿರುತ್ತದೆ. ಆದ್ದರಿಂದ ಮುಂದಿನ ಪುರವಣಿಯಲ್ಲೇ ಈ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಆಗುಂಬೆ ರಸ್ತೆಯ ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು